ಲಾವಂಚ: ಬೇಲಿಗೋ ಬೇರಿಗೋ, ಮೊದಲು ತೀರ್ಮಾನಿಸಿ

ಲಾವಂಚ ನೆಡಬೇಕೆಂದು ವಿಚಾರಿಸುವವರಲ್ಲಿ ಎರಡು ಬಗೆ. ಕೆಲವರಿಗೆ ಮಳೆಗಾಲದಲ್ಲಿ ಹೊಲದ ಮಣ್ಣು ಕೊಚ್ಚಿ ಹೋಗುವುದು ನಿಲ್ಲಬೇಕು. ಉಳಿದವರಿಗೆ ಪರಿಮಳದ ಬೇರು ಬೇಕು, ಮಾರಾಟಕ್ಕೋ ಮನೆಬಳಕೆಗೋ. ಒಂದೇ ಹುಲ್ಲು ಎರಡೂ ಕೆಲಸ ಮಾಡುತ್ತದೆ. ಆದರೆ ಒಂದೇ ಸಾಲಿನಿಂದ ಎರಡನ್ನೂ ಮಾಡಿಸಲು ಹೋದರೆ ಎರಡೂ ಕೆಡುತ್ತವೆ. ಬದುವಿನ ಮೇಲೆ ನಿಂತ ಲಾವಂಚದ ಬೆಲೆ ಇರುವುದೇ ಅದರ ಬೇರು ನೆಲದೊಳಗೆ ಇರುವಷ್ಟು ಕಾಲ. ಬೇರಿನ ಆಸೆಗೆ ಅದನ್ನು ಅಗೆದರೆ ಸಡಿಲಾದ ಮಣ್ಣು ಮುಂದಿನ ಮಳೆಗೆ ಮೊದಲಿಗಿಂತ ಜೋರಾಗಿ ಹೋಗುತ್ತದೆ. ಆದ್ದರಿಂದ ಸಸಿ ಹುಡುಕುವ ಮೊದಲು ಈ ಲೆಕ್ಕ ಮುಗಿಸಿಕೊಳ್ಳಿ. ಇಳಿಜಾರಿನಲ್ಲಿ ನೆಟ್ಟದ್ದನ್ನು ಕೀಳುವ ಮಾತಿಲ್ಲ. ಕೀಳಲೆಂದೇ ನೆಡುವುದಾದರೆ ಸಮತಟ್ಟಾದ, ಸಡಿಲ ಮಣ್ಣಿನ ಜಾಗ ಬೇರೆಯೇ ಇರಲಿ.

ಗುರುತು ಹಿಡಿಯುವುದು

ಹಳ್ಳದ ದಂಡೆ, ಕೆರೆಯ ಅಂಚು, ನೀರು ನಿಲ್ಲುವ ತಗ್ಗುಗಳಲ್ಲಿ ಲಾವಂಚ ತಾನಾಗಿ ಬೆಳೆಯುತ್ತದೆ. ಸಸ್ಯಶಾಸ್ತ್ರದಲ್ಲಿ ಇದರ ಈಗಿನ ಹೆಸರು ಕ್ರೈಸೊಪೋಗಾನ್ ಜಿಜಾನಿಯಾಯ್ಡಿಸ್. ಹಳೆಯ ಪುಸ್ತಕಗಳಲ್ಲಿ ವೆಟಿವೇರಿಯಾ ಎಂದಿರುತ್ತದೆ. ಬುಡವೊಂದು ಒತ್ತಾಗಿ, ಗುಂಪಾಗಿ ಎದ್ದು ಆಳೆತ್ತರ ಅಥವಾ ಅದಕ್ಕಿಂತ ತುಸು ಹೆಚ್ಚು ಬೆಳೆಯುತ್ತದೆ. ಗರಿಕೆಯ ಹಾಗೆ ನೆಲದ ಮೇಲೆ ಬಳ್ಳಿ ಹರಡಿ ಹೊಲ ತುಂಬುವುದಿಲ್ಲ. ನೆಟ್ಟ ಜಾಗದಲ್ಲೇ ದಪ್ಪವಾಗುತ್ತ ಹೋಗುತ್ತದೆ.

ಹಲವರು ಇದನ್ನು ಮಜ್ಜಿಗೆ ಹುಲ್ಲೆಂದು ತಪ್ಪು ತಿಳಿಯುತ್ತಾರೆ. ದೂರದಿಂದ ಎರಡೂ ಒಂದೇ ಥರ ಕಾಣುವುದು ನಿಜ. ಎಲೆಯನ್ನು ಹಿಸುಕಿ ಮೂಸಿ ನೋಡಿ: ನಿಂಬೆಯ ಘಮ ಬಂದರೆ ಅದು ಮಜ್ಜಿಗೆ ಹುಲ್ಲು. ಲಾವಂಚದ ಎಲೆಯಲ್ಲಿ ಬರೀ ಹುಲ್ಲಿನ ವಾಸನೆ; ಘಮವೆಲ್ಲ ಬೇರಿನಲ್ಲಿ. ಇನ್ನೊಂದು ಗುರುತು ಬುಡದಲ್ಲಿದೆ. ಎಲೆಗಳು ಕಾಂಡದ ಎರಡೂ ಮಗ್ಗುಲಿಗೆ ಚಪ್ಪಟೆಯಾಗಿ, ಬೀಸಣಿಗೆ ಬಿಡಿಸಿದಂತೆ ಜೋಡಿಸಿಕೊಂಡಿರುತ್ತವೆ. ಹೂವಿನ ತೆನೆ ಕಂದು ಬೆರೆತ ನೇರಳೆ.

ಬೇರಿನ ಸ್ವಭಾವವೇ ಈ ಹುಲ್ಲಿನ ವಿಶೇಷ. ಹೆಚ್ಚಿನ ಹುಲ್ಲುಗಳ ಬೇರು ಅಡ್ಡಡ್ಡ ಹರಡಿದರೆ ಇದರದ್ದು ಸೀದಾ ಕೆಳಗಿಳಿಯುತ್ತದೆ. ಒಳ್ಳೆಯ ಸಡಿಲ ಮಣ್ಣಿನಲ್ಲಿ 3 ಮೀಟರ್ ಆಳಕ್ಕೂ ಹೋಗುವುದುಂಟು. ಅಡ್ಡ ಹರಡದ ಕಾರಣ ಪಕ್ಕದ ರಾಗಿ, ಜೋಳದ ಸಾಲಿಗೆ ಅಷ್ಟಾಗಿ ತೊಂದರೆಯಿಲ್ಲ. ಬರ ತಡೆಯುತ್ತದೆ, ವಾರಗಟ್ಟಲೆ ನೀರು ನಿಂತರೂ ತಡೆಯುತ್ತದೆ, ಮೇಲೆ ಬೆಂಕಿ ಹಾಯ್ದು ಹೋದರೂ ನೆಲದ ಮಟ್ಟದಲ್ಲಿರುವ ಬುಡದಿಂದ ಮತ್ತೆ ಚಿಗುರುತ್ತದೆ. ತಡೆಯದಿರುವುದು ನೆರಳನ್ನು ಮಾತ್ರ. ಅಡಿಕೆ ತೋಟದ ಒಳಗೆ ನೆಟ್ಟರೆ ಸೊರಗುತ್ತದೆ. ತೋಟದ ಹೊರಗಿನ ಬಿಸಿಲು ಬೀಳುವ ಅಂಚಿಗೆ ಮಾತ್ರ ಇದು ಸರಿ.

ತಳಿಯ ವಿಷಯದಲ್ಲಿ ಎಚ್ಚರ

ಉತ್ತರ ಭಾರತದ ಕಾಡು ಲಾವಂಚ ಬೀಜ ಕಟ್ಟುತ್ತದೆ. ದಕ್ಷಿಣದಲ್ಲಿ ತಲೆಮಾರುಗಳಿಂದ ಬೇಸಾಯದಲ್ಲಿರುವ ಬಗೆ ಹೂ ಬಿಟ್ಟರೂ ಬೀಜದಿಂದ ಹರಡುವುದಿಲ್ಲವೆಂದೇ ಹೇಳಬಹುದು. ಹೊಲದ ಬದುವಿಗೆ ಎರಡನೆಯದೇ ಬೇಕು, ಇಲ್ಲದಿದ್ದರೆ ಕಳೆಯನ್ನು ನೀವೇ ತಂದು ನೆಟ್ಟಂತೆ. ಸಸಿ ಕೊಡುವವರ ಜಾಗಕ್ಕೆ ಹೋದಾಗ ಹಳೆಯ ಬುಡಗಳ ಸುತ್ತಮುತ್ತ ನೋಡಿ. ಸಾಲು ಬಿಟ್ಟು ಅಲ್ಲಲ್ಲಿ ಚಿಕ್ಕ ಸಸಿಗಳು ಎದ್ದಿದ್ದರೆ ಅಲ್ಲಿಂದ ತರಬೇಡಿ. ಹಳ್ಳದ ದಂಡೆಯಿಂದ ಕಿತ್ತು ತರುವುದಕ್ಕೂ ನನ್ನ ವಿರೋಧವಿದೆ. ಅಲ್ಲಿ ಅದು ದಂಡೆಯನ್ನು ಹಿಡಿದುಕೊಂಡು ನಿಂತಿದೆ.

ಬೇರಿಗಾಗಿ ಬೆಳೆಯುವವರು ಎಣ್ಣೆ ಹೆಚ್ಚಿರುವ ತಳಿ ನೋಡಬೇಕು. ಔಷಧೀಯ ಮತ್ತು ಸುಗಂಧ ಸಸ್ಯಗಳ ಕೇಂದ್ರೀಯ ಸಂಸ್ಥೆ ಸೀಮ್ಯಾಪ್ ಧಾರಿಣಿ, ಕೇಸರಿ, ಗುಲಾಬಿ, ಖುಸ್ನಾಲಿಕಾ ಮುಂತಾದ ತಳಿಗಳನ್ನು ಕೊಟ್ಟಿದೆ. ಲಕ್ನೋದ ಈ ಸಂಸ್ಥೆಗೆ ಬೆಂಗಳೂರಿನಲ್ಲಿಯೂ ಸಂಶೋಧನಾ ಕೇಂದ್ರವಿದೆ. ಮಣ್ಣು ಹಿಡಿಯುವ ಬೇಲಿಗೆ ಇಷ್ಟೆಲ್ಲ ಹುಡುಕಾಟ ಬೇಡ. ಊರ ಸುತ್ತ ಚೆನ್ನಾಗಿ ಬೆಳೆದಿರುವ, ಬೀಜ ಬೀಳದ ಬುಡ ಸಾಕು.

ಸಸಿಮಡಿ: ಒಂದು ವರ್ಷ ಮೊದಲೇ ಶುರು ಮಾಡಿ

ಲಾವಂಚದ ಸಸಿಯನ್ನು ಬುಡ ಒಡೆದೇ ಮಾಡಬೇಕು. ಎಷ್ಟು ಬೇಕಾಗುತ್ತದೆ ಎಂಬುದರ ಅಂದಾಜು ಅನೇಕರಿಗೆ ಇರುವುದಿಲ್ಲ. ಬೇಲಿ ಸಾಲಿನಲ್ಲಿ ಗುಣಿಯಿಂದ ಗುಣಿಗೆ 10ರಿಂದ 15 ಸೆಂಟಿಮೀಟರ್ ಅಂತರ; ಗುಣಿಗೆ ಎರಡು ಮೂರು ತೆಂಡೆ, ಅಂದರೆ ಬುಡದಿಂದ ಒಡೆದ ಬಿಡಿ ಕವಲು. 100 ಮೀಟರ್ ಉದ್ದದ ಸಾಲಿಗೆ 10 ಸೆಂಟಿಮೀಟರಿನಂತೆ ಸಾವಿರ ಗುಣಿ, ಅಂದರೆ ಎರಡರಿಂದ ಮೂರು ಸಾವಿರ ತೆಂಡೆ. ದುಡ್ಡು ಕೊಟ್ಟು ಅಷ್ಟನ್ನೂ ತರುವ ಬದಲು ನೂರು ಬುಡ ತಂದು, ನೀರು ಸಿಗುವ ಜಾಗದಲ್ಲಿ ಅಡಿಗೊಂದರಂತೆ ನೆಟ್ಟು ಒಂದು ವರ್ಷ ಸಾಕಿದರೆ ಮುಂದಿನ ಮುಂಗಾರಿಗೆ ಒಂದು ಸಾಲಿಗಾಗುವಷ್ಟು ನಿಮ್ಮಲ್ಲೇ ಇರುತ್ತದೆ. ಸಸಿಮಡಿಗೆ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಿ. ಎಲೆಯನ್ನು ಮೊಣಕಾಲೆತ್ತರಕ್ಕೆ ಆಗಾಗ ಕತ್ತರಿಸುತ್ತಿದ್ದರೆ ತೆಂಡೆ ಬೇಗ ಒಡೆಯುತ್ತದೆ.

ಕೀಳುವ ದಿನ ಕೈಯಿಂದ ಜಗ್ಗಬೇಡಿ. ಬುಡದ ಸುತ್ತ ಹಾರೆಯಲ್ಲಿ ಮೀಟಿ ಇಡೀ ಗುಂಪನ್ನು ಎತ್ತಿ, ನೆರಳಿನಲ್ಲಿ ಕೂತು ಎರಡು ಮೂರು ತೆಂಡೆಗಳ ಕಟ್ಟಾಗಿ ಬಿಡಿಸಿ. ಮೇಲಿನ ಎಲೆಯನ್ನು ಒಂದು ಗೇಣಿನಷ್ಟು ಬಿಟ್ಟು ಕತ್ತರಿಸಿ, ಬೇರನ್ನು ನಾಲ್ಕು ಬೆರಳಿನಷ್ಟು ಉಳಿಸಿ. ಒಣಗಿದ ಹಳೆಯ ಕಾಂಡ, ಹೂ ಬಿಟ್ಟ ಕಡ್ಡಿಗಳನ್ನು ತೆಗೆದುಹಾಕಿ. ಕಿತ್ತ ದಿನವೇ ನೆಡುವುದು ಉತ್ತಮ. ಆಗದಿದ್ದರೆ ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ.

ಬದುವಿಗೆ ನೆಡುವ ಕ್ರಮ

ಗುಂಡ್ಲುಪೇಟೆ ಕಡೆಯ ರೈತರು ಬಹಳ ಹಿಂದಿನಿಂದಲೂ ಹೊಲದ ಗಡಿಗೆ ಲಾವಂಚ ನೆಡುತ್ತ ಬಂದವರು. ಗಡಿ ಕಲ್ಲನ್ನು ಸರಿಸಬಹುದು, ಲಾವಂಚದ ಸಾಲನ್ನು ಸುಲಭಕ್ಕೆ ಸರಿಸಲಾಗದು. ಈ ಹುಲ್ಲು ಮಣ್ಣು ಹಿಡಿಯುವ ಬಗೆಯನ್ನು 1950ರ ದಶಕದಲ್ಲಿ ಫಿಜಿಯ ಕಬ್ಬಿನ ಇಳಿಜಾರುಗಳಲ್ಲಿ ಬಳಸಿದ್ದ ಜಾನ್ ಗ್ರೀನ್‌ಫೀಲ್ಡ್, 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಪರವಾಗಿ ಭಾರತಕ್ಕೆ ಬಂದರು. ಅವರೂ ಸಹೋದ್ಯೋಗಿ ರಿಚರ್ಡ್ ಗ್ರಿಮ್‌ಶಾ ಅವರೂ ಲಾವಂಚದ ಬೇಲಿಯನ್ನು ಜಗತ್ತಿನ ಹಲವು ದೇಶಗಳಿಗೆ ಪರಿಚಯಿಸಿದರು. ಥಾಯ್ಲೆಂಡಿನಲ್ಲಿ ದೊರೆ ಭೂಮಿಬಲ್ ಅವರೇ ಮುಂದೆ ನಿಂತು ನೆಡಿಸಿದರು. ಗುಂಡ್ಲುಪೇಟೆಯ ರೈತರ ಪಾಲಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ.

ಬೇಲಿ ಕೆಲಸ ಮಾಡುವುದು ಹೀಗೆ. ಒತ್ತಾಗಿ ಬೆಳೆದ ಸಾಲು ಹರಿವ ನೀರನ್ನು ನಿಲ್ಲಿಸುವುದಿಲ್ಲ, ನಿಧಾನ ಮಾಡಿ ಉದ್ದಕ್ಕೂ ಹಂಚುತ್ತದೆ. ವೇಗ ಕಳೆದುಕೊಂಡ ನೀರು ಮಣ್ಣನ್ನು ಸಾಲಿನ ಹಿಂದೆ ಇಳಿಸಿ ಮುಂದೆ ಸೋಸಿಕೊಂಡು ಹೋಗುತ್ತದೆ. ವರ್ಷ ವರ್ಷ ಅಲ್ಲಿ ಮಣ್ಣು ಏರುತ್ತದೆ, ಹುಲ್ಲೂ ಗಿಣ್ಣುಗಳಲ್ಲಿ ಹೊಸ ಬೇರು ಬಿಟ್ಟು ಮಣ್ಣಿನ ಜೊತೆ ಮೇಲೇರುತ್ತದೆ. ಜೆಸಿಬಿ ತರಿಸದೆಯೇ ಹೊಲ ಮೆಲ್ಲಗೆ ಮೆಟ್ಟಿಲಾಗುತ್ತದೆ. ಸಾಲಿನಲ್ಲಿ ಒಂದು ಕಡೆ ಸಂದು ಬಿದ್ದರೆ ಇದೆಲ್ಲ ತಲೆಕೆಳಗು. ನೀರೆಲ್ಲ ಆ ಸಂದಿಗೇ ನುಗ್ಗಿ ಕೊರಕಲು ಮಾಡುತ್ತದೆ. ಹಾಗಾಗಿ ಸಾಲು ಸಮಪಾತಳಿಯಲ್ಲಿ, ಅಂದರೆ ಉದ್ದಕ್ಕೂ ಒಂದೇ ಮಟ್ಟದಲ್ಲಿ, ಇರಬೇಕು ಮತ್ತು ಒತ್ತಾಗಿರಬೇಕು.

ಸಮಪಾತಳಿ ಗುರುತಿಸಲು ಇಂಜಿನಿಯರ್ ಬೇಕಾಗಿಲ್ಲ. ಎರಡು ಮೀಟರ್ ಉದ್ದದ ಎರಡು ನೆಟ್ಟನೆಯ ಗಳುಗಳನ್ನು ತುದಿಯಲ್ಲಿ ಸೇರಿಸಿ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುವೆ ಅಡ್ಡಪಟ್ಟಿ ಕಟ್ಟಿ. ಇಂಗ್ಲಿಷಿನ ‘ಎ’ ಅಕ್ಷರದ ಆಕಾರ ಬರುತ್ತದೆ. ತುದಿಯಿಂದ ದಾರ ಇಳಿಬಿಟ್ಟು ಕೊನೆಗೆ ಕಲ್ಲು ಕಟ್ಟಿ. ಕಲ್ಲು ಅಡ್ಡಪಟ್ಟಿಗಿಂತ ಕೆಳಗೆ ತೂಗಬೇಕು. ಎರಡು ಗೂಟಗಳ ಬುಡದಲ್ಲಿ ಕಾಲುಗಳನ್ನಿಟ್ಟು, ದಾರ ಪಟ್ಟಿಯನ್ನು ಹಾಯುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಈಗ ಚೌಕಟ್ಟನ್ನು ತಿರುಗಿಸಿ, ಎಡಗಾಲಿದ್ದಲ್ಲಿ ಬಲಗಾಲು ಬರುವಂತೆ ಇಟ್ಟು ಇನ್ನೊಂದು ಗುರುತು ಹಾಕಿ. ಎರಡೂ ಗುರುತುಗಳ ನಟ್ಟನಡುವೆ ದಾರ ನಿಂತಾಗ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಹೊಲದ ಒಂದು ಅಂಚಿನಿಂದ ಶುರುಮಾಡಿ, ಒಂದು ಕಾಲನ್ನು ಕದಲಿಸದೆ ಇನ್ನೊಂದನ್ನು ಮೇಲೆ ಕೆಳಗೆ ಸರಿಸುತ್ತ ದಾರ ನಡುವಿಗೆ ಬಂದಲ್ಲಿ ಗೂಟ ಹೊಡೆಯಿರಿ. ಹೀಗೇ ಇನ್ನೊಂದು ಅಂಚಿನವರೆಗೆ ನಡೆಸಿಕೊಂಡು ಹೋಗಿ. ಗೂಟಗಳ ಸಾಲು ಸೊಟ್ಟ ಕಂಡರೆ ಗಾಬರಿ ಬೇಡ, ಅದೇ ಸರಿ. ಉಳುಮೆಗೆ ತೊಡಕಾಗುವ ತೀರಾ ಚಿಕ್ಕ ಬಾಗುಗಳನ್ನು ಮಾತ್ರ ತುಸು ನೇರ ಮಾಡಿ. ಗಾಳಿ ಬೀಸುವ ದಿನ ಈ ಕೆಲಸಕ್ಕೆ ಇಳಿಯಬೇಡಿ, ದಾರ ನಿಲ್ಲುವುದಿಲ್ಲ.

ಸಾಲಿನಿಂದ ಸಾಲಿಗೆ ಎಷ್ಟು ದೂರ? ನೆಲ ಎರಡು ಮೀಟರ್ ಇಳಿದಲ್ಲೆಲ್ಲ ಒಂದು ಸಾಲು ಎಂದಿಟ್ಟುಕೊಳ್ಳಿ. ನೂರಕ್ಕೆ ಐದು ಇಳಿಜಾರಿದ್ದರೆ 40 ಮೀಟರಿಗೊಂದು ಸಾಲು, ನೂರಕ್ಕೆ ಹತ್ತಿದ್ದರೆ 20 ಮೀಟರಿಗೊಂದು. ಸಸಿ ಕಡಿಮೆಯಿದೆಯೆಂದು ಎಲ್ಲ ಸಾಲಿಗೂ ವಿರಳವಾಗಿ ಹಂಚಬೇಡಿ. ಮೇಲಿನ ಒಂದೇ ಸಾಲನ್ನು ಒತ್ತಾಗಿ ನೆಟ್ಟು ಮುಗಿಸಿ, ಉಳಿದದ್ದು ಮುಂದಿನ ವರ್ಷಕ್ಕಿರಲಿ.

ನೆಡುವ ಕಾಲ ಮುಂಗಾರು ಕೂತ ಮೇಲೆ. ಮೃಗಶಿರಾ ಮಳೆಗೆ ಚರಂಡಿ ತೆಗೆದಿಟ್ಟುಕೊಂಡು ಆರಿದ್ರಾ ಮಳೆಗೆ ನೆಟ್ಟರೆ ಬೇರು ಹಿಡಿಯಲು ಮಳೆಗಾಲ ಪೂರ್ತಿ ಸಿಗುತ್ತದೆ. ಗೂಟಗಳ ಗುಂಟ ನೇಗಿಲಲ್ಲಿ ಒಂದು ಸಾಲು ಹೊಡೆದು, ಪುಡಿ ಗೊಬ್ಬರ ಹಾಕಿ, ತೆಂಡೆಗಳನ್ನು ನಿಲ್ಲಿಸಿ ಸುತ್ತ ಮಣ್ಣನ್ನು ಕಾಲಿನಿಂದ ಗಟ್ಟಿಯಾಗಿ ತುಳಿಯಿರಿ. ಒಂದೇ ಸಾಲು ಸಾಕು, ಜೋಡಿ ಸಾಲು ದಂಡ. ತಿಂಗಳಾದ ಮೇಲೆ ಒಮ್ಮೆ ನಡೆದು ನೋಡಿ, ಸತ್ತಿರುವ ಕಡೆ ಆ ಮಳೆಯಲ್ಲೇ ಮತ್ತೆ ನೆಡಿ. ಮೊದಲ ವರ್ಷ ಕಳೆ ತೆಗೆಯಬೇಕು. ನೆರಳಾಗದಿರಲಿ ಎಂಬುದೇ ಉದ್ದೇಶ. ಬೇಲಿ ಪೂರ್ತಿ ಕೂಡಿಕೊಳ್ಳಲು ಎರಡು ಮೂರು ಮಳೆಗಾಲ ಬೇಕು. ಅಲ್ಲಿಯವರೆಗೆ ದನ ಸಾಲಿನ ಮೇಲೆ ಓಡಾಡದಂತೆ ನೋಡಿಕೊಳ್ಳಿ.

ಆಮೇಲಿನ ಚಾಕರಿ ವರ್ಷಕ್ಕೆ ಎರಡು ಮೂರು ಸಲ ಮೊಣಕಾಲೆತ್ತರಕ್ಕೆ ಕುಡುಗೋಲಿನಲ್ಲಿ ಸವರುವುದು, ಅಷ್ಟೇ. ಎಳೆಯ ಎಲೆಯನ್ನು ದನ ತಿನ್ನುತ್ತದೆ. ಬಲಿತದ್ದು ಒರಟು, ಅಂಚು ಗರಗಸದ ಹಾಗೆ, ಮೂಸಿಯೂ ನೋಡುವುದಿಲ್ಲ. ಅದನ್ನು ಶುಂಠಿ ಮಡಿಗೋ ತೆಂಗಿನ ಬುಡಕ್ಕೋ ಮುಚ್ಚಿಗೆ ಮಾಡಿ. ಮಾಡಿಗೆ ಹೊದಿಸಲೂ ಆಗುತ್ತದೆ. ಮುಸುಕಿನ ಜೋಳ ಬೆಳೆಯುವವರಿಗೆ ಇನ್ನೊಂದು ಲಾಭವಿದೆ. ಕಾಂಡಕೊರಕದ ಪತಂಗಕ್ಕೆ ಜೋಳಕ್ಕಿಂತ ಲಾವಂಚದ ಮೇಲೆ ಮೊಟ್ಟೆಯಿಡುವುದೇ ಇಷ್ಟ, ಆದರೆ ಅಲ್ಲಿ ಹುಟ್ಟಿದ ಮರಿಹುಳು ಬದುಕುವುದಿಲ್ಲ. ದಕ್ಷಿಣ ಆಫ್ರಿಕಾದ ಸಂಶೋಧಕರು ಇದನ್ನು ಪ್ರಯೋಗದಲ್ಲಿ ತೋರಿಸಿದ್ದಾರೆ.

ಧರೆಗೆ ನೆಡುವವರಿಗೆ ಒಂದು ಮಾತು

ಮಲೆನಾಡಿನಲ್ಲಿ, ಕೊಡಗಿನಲ್ಲಿ ಮನೆಯ ಹಿಂದಿನ ಧರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ದಿಬ್ಬ, ಮಳೆಗೆ ಉದುರುತ್ತದೆಂದು ಲಾವಂಚ ನೆಡುವವರು ಹೆಚ್ಚುತ್ತಿದ್ದಾರೆ. ಮೇಲ್ಪದರದ ಒಂದೆರಡು ಮೀಟರ್ ಮಣ್ಣು ಜಾರದಂತೆ ಇದು ಚೆನ್ನಾಗಿ ಹಿಡಿಯುತ್ತದೆ. ಧರೆಗಾದರೆ ಸಾಲುಗಳ ನಡುವಿನ ಅಂತರ ಬಹಳ ಕಡಿಮೆ, ಒಂದರಿಂದ ಎರಡು ಮೀಟರ್ ಇರಬೇಕು. ಕೆಳಗಿನಿಂದ ಮೇಲಕ್ಕೆ ನೆಡುತ್ತ ಹೋಗಿ. ಧರೆಯ ನೆತ್ತಿಯ ಮೇಲೆ ಬರುವ ನೀರನ್ನು ಬೇರೆಡೆಗೆ ಕಳಿಸುವ ಚರಂಡಿ ಇಲ್ಲದಿದ್ದರೆ ಮೊದಲು ಅದನ್ನು ಮಾಡಿ. ತೀರಾ ಕಡಿದಾಗಿ, ಗೋಡೆಯಂತೆ ಕತ್ತರಿಸಿದ ಧರೆಗೆ ಹುಲ್ಲಿಗಿಂತ ಮೊದಲು ಇಳಿಜಾರು ಕಡಿಮೆ ಮಾಡುವ ಕೆಲಸ ಆಗಬೇಕು. 2018ರಲ್ಲಿ ಕೊಡಗಿನಲ್ಲಿ, 2024ರಲ್ಲಿ ಅಂಕೋಲಾದ ಶಿರೂರಿನಲ್ಲಿ ಕುಸಿದದ್ದು ಗುಡ್ಡವೇ. ಬೇರಿಗೆ ನಿಲುಕದ ಆಳದಲ್ಲಿ ಜಾರುವ ಗುಡ್ಡವನ್ನು ಯಾವ ಹುಲ್ಲೂ ಹಿಡಿಯದು. ಗೋಡೆಯಲ್ಲಿ, ಅಂಗಳದಲ್ಲಿ ಹೊಸ ಬಿರುಕು ಕಂಡರೆ ಸಸಿ ತರಲು ಹೋಗಬೇಡಿ, ಮನೆ ಬಿಟ್ಟು ಅಧಿಕಾರಿಗಳಿಗೆ ತಿಳಿಸಿ.

ಬೇರಿಗಾಗಿ ಬೆಳೆಯುವುದು

ಇಲ್ಲಿ ಮಣ್ಣೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಮರಳು, ಮರಳು ಬೆರೆತ ಗೋಡು, ಹೊಳೆದಂಡೆಯ ಮೆಕ್ಕಲು ಇದ್ದರೆ ಮುಂದುವರಿಯಿರಿ. ಕರಾವಳಿಯ ಮರಳು ನೆಲ ಇದಕ್ಕೆ ಹೇಳಿ ಮಾಡಿಸಿದ್ದು; ತಮಿಳುನಾಡಿನ ಕಡಲೂರು ಭಾಗದಲ್ಲಿ ಲಾವಂಚವೇ ಒಂದು ಬೆಳೆ. ಎರೆಮಣ್ಣಿನಲ್ಲೂ ಜಂಬಿಟ್ಟಿಗೆಯಲ್ಲೂ ಹುಲ್ಲು ಸೊಗಸಾಗಿ ಬೆಳೆಯುತ್ತದೆ. ಕೀಳುವಾಗ ಅರ್ಧ ಬೇರು ನೆಲದಲ್ಲೇ ತುಂಡಾಗಿ ಉಳಿಯುತ್ತದೆ, ಕೂಲಿಯೂ ಹುಟ್ಟುವುದಿಲ್ಲ. ಅಂಥ ನೆಲದವರು ಮನೆಮಟ್ಟಿಗೆ ಬೇಕಾದರೆ ಸಿಮೆಂಟ್ ಚೀಲಕ್ಕೆ ಮರಳು, ಗೊಬ್ಬರ ತುಂಬಿ ಅದರಲ್ಲಿ ಒಂದೊಂದು ಬುಡ ನೆಡಲಿ. ಕೀಳುವ ದಿನ ಚೀಲ ಹರಿದು ನೀರು ಹೊಯ್ದರಾಯಿತು.

ಬೆಳೆಯಾಗಿ ನೆಡುವಾಗ ಅಂತರ ಬೇಲಿಯಷ್ಟು ಒತ್ತಾಗಿರಬಾರದು. ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಸಾಮಾನ್ಯ. ಫಲವತ್ತಾದ ಜಾಗದಲ್ಲಿ 45ರ ತನಕ ಬಿಡಬಹುದು. ಆಳವಾಗಿ ಉತ್ತು ಕೊಟ್ಟಿಗೆ ಗೊಬ್ಬರ ಸೇರಿಸಿ ಏರುಮಡಿ ಮಾಡಿದರೆ ಮುಂದೆ ಕೀಳುವುದು ಹಗುರ. ಮಳೆ ಕೈಕೊಟ್ಟರೆ ಮೊದಲ ಕೆಲವು ತಿಂಗಳು ನೀರು ಕೊಡಿ, ನಂತರ ಅದರ ಪಾಡಿಗೆ ಬಿಡಿ. ಮೊದಲ ವರ್ಷ ಸಾಲಿನ ನಡುವೆ ಹೆಸರು, ಅಲಸಂದೆಯಂಥ ಬೇಗ ಬರುವ ಬೆಳೆ ತೆಗೆಯಬಹುದು. ರೋಗ ಕಡಿಮೆ. ಬೇರಿಗೆ ಗೊಣ್ಣೆಹುಳು ಬೀಳುವುದುಂಟು. ಹಸಿ ಸಗಣಿಗೊಬ್ಬರ ಹಾಕುವವರ ಹೊಲದಲ್ಲಿ ಇದು ಹೆಚ್ಚು, ಪೂರ್ತಿ ಕಳಿತ ಗೊಬ್ಬರವನ್ನೇ ಹಾಕಿ.

ಕೀಳುವುದು ನೆಟ್ಟ 15ರಿಂದ 18 ತಿಂಗಳಿಗೆ. ಅವಸರ ಪಟ್ಟರೆ ಸಿಗುವುದು ಕೂದಲಿನಂಥ ಎಳೆ ಬೇರು. ಅದಕ್ಕೆ ಹಸಿ ಮಣ್ಣಿನ ವಾಸನೆಯೇ ಹೊರತು ನಿಜವಾದ ಘಮ ಬಂದಿರುವುದಿಲ್ಲ. ಬಹಳ ಕಾಲ ಬಿಟ್ಟರೂ ಹಳೆಯ ಬೇರು ಟೊಳ್ಳಾಗುತ್ತ ಹೋಗುತ್ತದೆ. ಮಳೆ ನಿಂತು ನೆಲ ಒಣಗಿದ ಡಿಸೆಂಬರ್‌ನಿಂದ ಫೆಬ್ರುವರಿಯ ನಡುವೆ ಈ ಕೆಲಸ ಇಟ್ಟುಕೊಳ್ಳಿ. ಮೇಲಿನ ಹುಲ್ಲನ್ನು ಗೇಣೆತ್ತರಕ್ಕೆ ಕೊಯ್ದು, ಬುಡದ ಪಕ್ಕದಲ್ಲಿ ಆಳವಾಗಿ ಅಗೆದು, ಬೇರು ತುಂಡಾಗದಂತೆ ಎತ್ತಿ ಮಣ್ಣು ಕೊಡವಿ. ಬುಡವನ್ನು ಕತ್ತರಿಸಿ ಬೇರ್ಪಡಿಸಿದರೆ ಅದೇ ಮುಂದಿನ ಬೆಳೆಯ ಸಸಿ. ಬೇರನ್ನು ಚೆನ್ನಾಗಿ ತೊಳೆದು ನೆರಳಿನಲ್ಲಿ ಒಂದೆರಡು ದಿನ ಹರಡಿ. ಸುಡುಬಿಸಿಲಿಗೆ ಹಾಕಿದರೆ ಎಣ್ಣೆ ಹಾರಿಹೋಗುತ್ತದೆ, ಘಮವೂ ಅದರ ಜೊತೆಗೆ.

ಎಣ್ಣೆಯ ಆಸೆ ಇಟ್ಟುಕೊಂಡವರು ಲೆಕ್ಕವನ್ನು ನಿಷ್ಠುರವಾಗಿ ಮಾಡಬೇಕು. ಹೆಕ್ಟೇರಿಗೆ ಸಿಗುವುದು ಸುಮಾರು 15ರಿಂದ 25 ಕಿಲೊ ಎಣ್ಣೆ. ಲಾವಂಚದ ಎಣ್ಣೆ ಮಂದ, ಬೇಗ ಆವಿಯಾಗದು. ಹಾಗಾಗಿ ಭಟ್ಟಿ ಒಂದು ಹಗಲು, ಒಂದು ರಾತ್ರಿಯಾದರೂ ಉರಿಯಬೇಕು. ಬೇಗ ಆವಿಯಾಗದ ಗುಣವೇ ಅದಕ್ಕೆ ಸುಗಂಧದ ಉದ್ಯಮದಲ್ಲಿ ಬೆಲೆ ತಂದದ್ದು: ಬೇರೆ ಪರಿಮಳಗಳನ್ನು ಅದು ಹಿಡಿದು ನಿಲ್ಲಿಸುತ್ತದೆ. ಉತ್ತರ ಪ್ರದೇಶದ ಕನೌಜಿನಲ್ಲಿ ಉತ್ತರದ ಕಾಡುಬೇರನ್ನು ತಾಮ್ರದ ಪಾತ್ರೆಯಲ್ಲಿ ಭಟ್ಟಿ ಇಳಿಸಿ ‘ರೂಹ್ ಖಸ್’ ಎಂಬ ಸುಗಂಧದ ಎಣ್ಣೆ ತೆಗೆಯುತ್ತಾರೆ. ಜಾಗತಿಕ ಮಾರುಕಟ್ಟೆಯಲ್ಲಿ ಹೈಟಿ ಮತ್ತು ಜಾವಾದ ಎಣ್ಣೆಯದೇ ದೊಡ್ಡ ಪಾಲು. ಅವರ ಬೆಲೆಗೆ ನಿಮ್ಮ ಬೆಲೆ ಹೊಂದಬೇಕು. ಹತ್ತಿರದಲ್ಲಿ ಭಟ್ಟಿಯಿಲ್ಲದೆ, ಕೊಳ್ಳುವವರು ಯಾರೆಂದು ಗೊತ್ತಿಲ್ಲದೆ ಎಕರೆಗಟ್ಟಲೆ ನೆಡುವುದು ಜಾಣತನವಲ್ಲ. ಸಸಿ ಮಾರುವವರೇ ಬೇರನ್ನೂ ವಾಪಸ್ ಕೊಳ್ಳುತ್ತೇವೆಂದು ಹೇಳಿದರೆ ಅದನ್ನು ಬರಹದಲ್ಲಿ, ಬೆಲೆ ಸಮೇತ ಪಡೆಯಿರಿ. ಕೆಲವೇ ಗುಂಟೆ ಬೆಳೆದು ಒಣಬೇರನ್ನು ಗ್ರಂದಿಗೆ ಅಂಗಡಿ, ಹಾರ ಮತ್ತು ಕರಕುಶಲ ವಸ್ತು ಮಾಡುವವರಿಗೆ ಕೊಡುವುದು ಸಣ್ಣವರಿಗೆ ಹೆಚ್ಚು ಕ್ಷೇಮ.

ಮನೆಯಲ್ಲಿ

ಒಂದು ಹಿಡಿ ಬೇರನ್ನು ಎರಡು ಮೂರು ನೀರಿನಲ್ಲಿ ಮಣ್ಣು ಹೋಗುವಂತೆ ತೊಳೆದು, ತೆಳು ಬಟ್ಟೆಯಲ್ಲಿ ಕಟ್ಟಿ, ಕುದಿಸಿ ಆರಿಸಿದ ನೀರಿನ ಮಡಕೆಯಲ್ಲಿ ಬಿಡಿ. ನೀರನ್ನು ದಿನವೂ ಬದಲಿಸಿ; ಎರಡು ಮೂರು ದಿನಕ್ಕೊಮ್ಮೆ ಗಂಟನ್ನು ತೆಗೆದು ಒಣಗಿಸಿ ಮತ್ತೆ ಹಾಕಿ. ಲೋಳೆ ಬಂದ ಬೇರನ್ನು ಬಳಸಬೇಡಿ. ಆಯುರ್ವೇದದಲ್ಲಿ ಇದು ಉಶೀರ, ಜ್ವರ ಮತ್ತು ಬಾಯಾರಿಕೆಗೆ ಕೊಡುವ ಷಡಂಗ ಪಾನೀಯದ ಆರು ದ್ರವ್ಯಗಳಲ್ಲೊಂದು. ಔಷಧಿಯಾಗಿ ಎಷ್ಟು, ಯಾರಿಗೆ ಎಂಬುದನ್ನು ವೈದ್ಯರಿಗೇ ಬಿಡಿ; ಕುಡಿಯುವ ನೀರಿಗೆ ತುಸು ಘಮ ಹಿಡಿಸುವುದಷ್ಟೇ ಮನೆಯವರ ಕೆಲಸ.

ಬೀರುವಿನ ರೇಷ್ಮೆ ಸೀರೆಗಳ ನಡುವೆ ಒಂದು ಕಟ್ಟು ಇಟ್ಟರೆ ಹುಳ ದೂರ, ಆದರೆ ಬೇರು ಪೂರ್ತಿ ಒಣಗಿರಲಿ, ಮತ್ತು ಬಟ್ಟೆಯ ಚೀಲದಲ್ಲಿರಲಿ. ಬಿಸಿಲು ನಾಡಿನವರು ಕಿಟಕಿಗೆ ಲಾವಂಚದ ತಡಿಕೆ ಕಟ್ಟುವುದಾದರೆ ಗಾಳಿ ಒಳಬರುವ ದಿಕ್ಕಿಗೆ ಕಟ್ಟಿ, ಎದುರಿನ ಬಾಗಿಲು ತೆರೆದಿಡಿ. ಗಾಳಿ ಆಡದ ಕೋಣೆಯಲ್ಲಿ ಒದ್ದೆ ತಡಿಕೆ ಸೆಕೆಯನ್ನೇ ಹೆಚ್ಚಿಸುತ್ತದೆ. ಕರಾವಳಿಯ ತೇವದ ಹವೆಯಲ್ಲಂತೂ ಅದರಿಂದ ತಂಪು ಸಿಗದು, ಘಮವಷ್ಟೇ. ಸಂಜೆ ತಡಿಕೆಯನ್ನು ಬಿಚ್ಚಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಬೇಸಿಗೆ ಕಳೆದ ಮೇಲೆ ಚೆನ್ನಾಗಿ ಒಣಗಿಸಿ ಸುತ್ತಿ ಅಟ್ಟದ ಮೇಲಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತದೆ, ಘಮ ತುಸು ಕಡಿಮೆಯಾಗಿ.